ಮಲೆನಾಡಿನ ಮಳೆಯಲ್ಲಿ ಹಳೆಯ ಆರ್ಚ್‌ಟಾಪ್ ಗಿಟಾರ್: ಕೊಳ್ಳುವುದು, ಕಾಪಾಡುವುದು, ನುಡಿಸುವುದು

ಹಳೆಯ ಆರ್ಚ್‌ಟಾಪ್ ಗಿಟಾರ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರದ್ದು. ಅಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕುತ್ತಾರೆ. ಗಾಳಿ ಒಣಗುತ್ತದೆ, ಮರ ಸೀಳುತ್ತದೆ. ಹಾಗಾಗಿ ಅವರ ಚಿಂತೆಯೆಲ್ಲ ಗಿಟಾರ್‌ಗೆ ತೇವ ಕೊಡುವುದು ಹೇಗೆ ಅನ್ನುವುದು. ನಮ್ಮ ಕಷ್ಟ ಬೇರೆ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಎಪ್ಪತ್ತು ವರ್ಷ ಹಳೆಯ ಮರ, ಹಳೆಯ ಅಂಟಿನ ವಾದ್ಯಕ್ಕೆ ಈ ನಾಲ್ಕು ತಿಂಗಳೇ ಪರೀಕ್ಷೆ.

ನಾನು ತೀರ್ಥಹಳ್ಳಿ ಹತ್ತಿರದ ಹಂಚಿನ ಮನೆಯಲ್ಲಿ ಹನ್ನೊಂದು ಮಳೆಗಾಲಗಳಿಂದ ಒಂದು ಆರ್ಚ್‌ಟಾಪ್ ಇಟ್ಟುಕೊಂಡಿದ್ದೇನೆ. 1950ರ ದಶಕದ ಜರ್ಮನ್ ಗಿಟಾರ್. ಕೊಪ್ಪದ ಕಡೆಯ ಒಂದು ಕಾಫಿ ತೋಟದ ಮನೆಯಿಂದ ಬಂದದ್ದು. ಒಳಗಿನ ಲೇಬಲ್ ಅರ್ಧ ಹರಿದಿದೆ. ಕಲಿತದ್ದೆಲ್ಲ ಇದೊಂದರ ಮೇಲೆಯೇ, ಕೆಲವನ್ನು ಕೆಡಿಸಿ ಕಲಿತೆ. ನೀವು ಅದೇ ದಾರಿ ಹಿಡಿಯುವುದು ಬೇಡ ಎಂದು ಇಷ್ಟು ಬರೆಯುತ್ತಿದ್ದೇನೆ.

ಇದು ಯಾವ ಬಗೆಯ ಗಿಟಾರ್

ಸಾಮಾನ್ಯ ಅಕೌಸ್ಟಿಕ್ ಗಿಟಾರ್‌ನ ಮೇಲ್ಹಲಗೆ ಚಪ್ಪಟೆ. ಆರ್ಚ್‌ಟಾಪ್‌ನದು ಪಿಟೀಲಿನ ಹಾಗೆ ಉಬ್ಬು. ಒಳ್ಳೆಯ ಗಿಟಾರ್‌ಗಳಲ್ಲಿ ದಪ್ಪ ಸ್ಪ್ರೂಸ್ ಹಲಗೆಯನ್ನು ಕೆತ್ತಿ ಈ ಕಮಾನು ಮಾಡಿರುತ್ತಾರೆ. ಹಿಂಬದಿ ಮತ್ತು ಪಕ್ಕಗಳು ಮೇಪಲ್ ಮರದವು. ನಡುವಿನ ದುಂಡು ತೂತಿನ ಬದಲು ಎರಡು ಕಡೆ ಎಫ್ ಆಕಾರದ ತೂತುಗಳು. ತಂತಿಗಳು ಬ್ರಿಡ್ಜ್‌ಗೆ ಕಟ್ಟಿರುವುದಿಲ್ಲ, ಅದರ ಮೇಲೆ ಹಾದು ಕೆಳಗಿನ ಟೇಲ್‌ಪೀಸ್‌ಗೆ ಹೋಗುತ್ತವೆ. ಬ್ರಿಡ್ಜ್‌ಗೆ ಅಂಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ತಂತಿಗಳು ಮೇಲಿನಿಂದ ಒತ್ತುವ ಬಲವೊಂದೇ ಅದನ್ನು ಹಿಡಿದು ನಿಲ್ಲಿಸಿರುವುದು. ವೀಣೆಯವರು ಬ್ರಿಡ್ಜ್‌ಗೆ ಕುದುರೆ ಅನ್ನುತ್ತಾರೆ. ಈ ಗಿಟಾರ್‌ಗೂ ಆ ಮಾತು ಸರಿಯಾಗಿ ಹೊಂದುತ್ತದೆ, ನಾನು ಮುಂದೆ ಅದನ್ನೇ ಬಳಸುತ್ತೇನೆ.

ಕೆತ್ತಿದ ಮೇಲ್ಹಲಗೆಯ ಗಿಟಾರ್‌ಗಳನ್ನು ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿ 1890ರ ದಶಕದಲ್ಲಿ ಮಾಡತೊಡಗಿದವರು ಆರ್ವಿಲ್ ಗಿಬ್ಸನ್. ಅವರ ಹೆಸರಿನ ಕಂಪನಿ ಶುರುವಾದದ್ದು 1902ರಲ್ಲಿ. ಅಲ್ಲಿ ಲಾಯ್ಡ್ ಲೋರ್ ಅವರ ಮೇಲ್ವಿಚಾರಣೆಯಲ್ಲಿ 1922ರಲ್ಲಿ ಎಲ್-5 ಬಂತು. ಪಿಟೀಲಿನ ಎಫ್ ತೂತು ಗಿಟಾರ್‌ಗೆ ಬಂದದ್ದು ಇದರಿಂದ. 1934ರಲ್ಲಿ 18 ಇಂಚು ಅಗಲದ ಸೂಪರ್ 400 ಬಂತು. ಬೆಲೆ 400 ಡಾಲರ್, ಹೆಸರೂ ಅದೇ. ನ್ಯೂಯಾರ್ಕ್‌ನಲ್ಲಿ ಎಪಿಫೋನ್ ಕಂಪನಿ ಪೈಪೋಟಿಗೆ ನಿಂತಿತ್ತು. ಅದೇ ಊರಿನ ಜಾನ್ ಡಿ'ಆಂಜೆಲಿಕೊ 1932ರಲ್ಲಿ ಸ್ವಂತ ಅಂಗಡಿ ತೆರೆದು, 1964ರಲ್ಲಿ ತೀರಿಕೊಳ್ಳುವವರೆಗೂ ಕೈಯಲ್ಲೇ ಕೆತ್ತಿದರು. ಆಗ ಮೈಕು ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳ ನಡುವೆಯೂ ಗಿಟಾರ್ ಕೇಳಿಸಬೇಕಿತ್ತು. ಉಬ್ಬು ಹಲಗೆಯ ಗಿಟಾರ್ ಬೇಕಾದದ್ದು ಅದಕ್ಕೆ. ಎಲೆಕ್ಟ್ರಿಕ್ ಗಿಟಾರ್ ಬಂದ ಮೇಲೆ ಈ ಅಗತ್ಯ ಕಡಿಮೆಯಾಯಿತು.

ನಮ್ಮ ಕೈಗೆ ಎಲ್-5 ಸಿಗುವುದು ಕನಸು. ಸಿಗಬಹುದಾದದ್ದು ಶಿಕಾಗೊದ ಹಾರ್ಮನಿ, ಕೇ ಕಂಪನಿಗಳ ಅಗ್ಗದ ಗಿಟಾರ್‌ಗಳು, ಜರ್ಮನಿಯ ಹಾಫ್ನರ್, ಫ್ರೇಮಸ್. ಇವುಗಳಲ್ಲಿ ಒಳ್ಳೆಯವು ತುಂಬಾ ಇವೆ. ಅಂದ ಹಾಗೆ, ಹಿಂದೂಸ್ತಾನಿ ವಾದಕ ವಿಶ್ವಮೋಹನ ಭಟ್ ಅವರ ಮೋಹನ ವೀಣೆಯ ಮೂಲವೂ ಆರ್ಚ್‌ಟಾಪ್ ಗಿಟಾರೇ. 1994ರಲ್ಲಿ ಗ್ರ್ಯಾಮಿ ಗೆದ್ದ ನಾದ ಅದು. ಈ ಉಬ್ಬು ಹಲಗೆ ರಾಗಕ್ಕೂ ಒಗ್ಗುತ್ತದೆ.

ಕೊಳ್ಳುವ ಮುಂಚೆ

ಬೆಂಗಳೂರು, ಮಂಗಳೂರು, ಗೋವಾ ಕಡೆಯ ಹಳೆಯ ಮನೆಗಳಲ್ಲಿ, ತೋಟದ ಬಂಗಲೆಗಳಲ್ಲಿ ಇವು ಆಗಾಗ ಹೊರಬರುತ್ತವೆ. ಫೋಟೋ ನೋಡಿ ದುಡ್ಡು ಕಳಿಸಬೇಡಿ. ಕೈಯಲ್ಲಿ ಹಿಡಿದೇ ನೋಡಬೇಕು. ಜೊತೆಗೆ ಮೊಬೈಲ್ ಟಾರ್ಚ್, ಒಂದು ಸಣ್ಣ ಕನ್ನಡಿ, ಒಂದು ಸ್ಟೀಲ್ ಸ್ಕೇಲ್ ಒಯ್ಯಿರಿ.

ಮೊದಲು ನೆಕ್ (ಗಿಟಾರ್‌ನ ಕುತ್ತಿಗೆ) ಕೂರಿಸಿದ ಕೋನ ನೋಡಿ. ಇದೊಂದು ಸರಿ ಇಲ್ಲದಿದ್ದರೆ ಉಳಿದದ್ದನ್ನು ನೋಡುವ ಕೆಲಸವಿಲ್ಲ. ಕುದುರೆಯ ಎರಡು ಕಡೆ ಸಣ್ಣ ಹಿತ್ತಾಳೆ ಚಕ್ರಗಳಿರುತ್ತವೆ. ಅವುಗಳನ್ನು ತಿರುಗಿಸಿ ಕುದುರೆಯ ಮೇಲ್ಭಾಗವನ್ನು ಏರಿಸಬಹುದು, ಇಳಿಸಬಹುದು. ಕುದುರೆ ಪೂರ್ತಿ ಕೆಳಗಿಳಿದಿದ್ದೂ 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ 4 ಮಿ.ಮೀ. ಎತ್ತರದಲ್ಲಿದ್ದರೆ ನೆಕ್ ಮುಂದಕ್ಕೆ ಬಾಗಿದೆ ಎಂದು ಅರ್ಥ. ಅದನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಕೆಲವು ಸಲ ಆ ಖರ್ಚು ಗಿಟಾರ್‌ನ ಬೆಲೆಯನ್ನೂ ಮೀರುತ್ತದೆ. ಕುದುರೆ ಇನ್ನೂ ಸ್ವಲ್ಪ ಇಳಿಸಲು ಜಾಗ ಇದ್ದರೆ ಸಮಾಧಾನ.

ಆಮೇಲೆ ನೆಕ್‌ನ ತುದಿಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ರೀಪು ನೋಡುವ ಹಾಗೆ ನೋಡಿ. ತಿರುಚಿರಬಾರದು. ಸ್ವಲ್ಪ ಬಾಗಿದ್ದರೆ ಒಳಗೆ ಟ್ರಸ್ ರಾಡ್, ಅಂದರೆ ನೆಕ್‌ನ ಬಾಗು ಸರಿಪಡಿಸುವ ಲೋಹದ ಸರಳು, ಇದೆಯೋ ಎಂದು ಕೇಳಿ. ಗಿಬ್ಸನ್ ಗಿಟಾರ್‌ಗಳಲ್ಲಿ 1920ರ ದಶಕದಿಂದ ತಿರುಗಿಸಿ ಸರಿಪಡಿಸಬಹುದಾದ ರಾಡ್ ಇದೆ. ಆ ಕಾಲದ ಬೇರೆ ಎಷ್ಟೋ ಕಂಪನಿಗಳ ಗಿಟಾರ್‌ಗಳಲ್ಲಿ ಇಲ್ಲ. ರಾಡ್ ಇಲ್ಲದ, ತುಂಬಾ ಬಾಗಿದ ನೆಕ್ ಆದರೆ ಬಿಟ್ಟುಬಿಡಿ.

ಕಮಾನು ಕುಸಿದಿದೆಯೇ ನೋಡಿ. ಕುದುರೆಯ ಕೆಳಗೆ ಹಲಗೆ ಹಳ್ಳ ಬಿದ್ದಿದ್ದರೆ ಒಳಗಿನ ಆಧಾರದ ಪಟ್ಟಿಗಳು ಬಿಟ್ಟಿರಬಹುದು. ಬೆರಳ ಗೆಣ್ಣಿನಿಂದ ಮೇಲೆ, ಹಿಂದೆ, ಅಂಚಿನಲ್ಲಿ ಮೆಲ್ಲಗೆ ತಟ್ಟಿ. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. ಗಟ್ಟಿ ಸದ್ದು ಬಂದರೆ ಸರಿ. ಎಲ್ಲಾದರೂ ಗಿರಗಿರ ಅಂದರೆ ಅಲ್ಲಿ ಅಂಟು ಬಿಟ್ಟಿದೆ. ಕನ್ನಡಿ ಮತ್ತು ಟಾರ್ಚ್ ಹಿಡಿದು ಎಫ್ ತೂತಿನಿಂದ ಒಳಗೆ ನೋಡಿ.

ಎಫ್ ತೂತಿನ ಅಂಚು ಇನ್ನೊಂದು ಗುಟ್ಟು ಹೇಳುತ್ತದೆ. ಅಂಚಿನ ದಪ್ಪದಲ್ಲಿ ಪದರ ಪದರ ಕಂಡರೆ ಅದು ಪ್ಲೈವುಡ್ ಒತ್ತಿ ಮಾಡಿದ ಹಲಗೆ. ಮೇಲಿನ ಎಳೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಅದು ಇಡೀ ಮರ. ಇಡೀ ಮರದ್ದರಲ್ಲೂ ಎರಡು ಬಗೆ. ಕೆತ್ತಿದ್ದು ಒಂದು, ಬಿಸಿ ಮಾಡಿ ಒತ್ತಿದ್ದು ಇನ್ನೊಂದು. ನಾದಕ್ಕೆ ಕೆತ್ತಿದ್ದೇ ಮೇಲು. ಆದರೆ ಮಲೆನಾಡಿನಲ್ಲಿ ಇಡುವವರಿಗೆ ನನ್ನ ಅಭಿಪ್ರಾಯ ಬೇರೆ. ಮೊದಲ ಗಿಟಾರ್ ಆದರೆ ಪ್ಲೈವುಡ್‌ನದ್ದನ್ನೇ ತೆಗೆದುಕೊಳ್ಳಿ. ನಾದ ಸ್ವಲ್ಪ ಮೊಂಡು, ಆದರೆ ತೇವಕ್ಕೆ ಅಷ್ಟು ಬೇಗ ಅಲುಗುವುದಿಲ್ಲ. ಎರಡು ಮಳೆಗಾಲ ಅದನ್ನು ಚೆನ್ನಾಗಿ ದಾಟಿಸಿದ ಮೇಲೆ ಕೆತ್ತಿದ್ದಕ್ಕೆ ಕೈ ಹಾಕಿ.

ಹಳೆಯ ಸೆಲ್ಯುಲಾಯ್ಡ್ ಭಾಗಗಳನ್ನು ಮೂಸಿ ನೋಡಿ. ಬೆರಳು ತಾಗುವಲ್ಲಿನ ಪಿಕ್‌ಗಾರ್ಡ್, ಅಂಚಿನ ಪಟ್ಟಿ, ಬಿರಡೆಯ ಗುಂಡಿಗಳು ಇದರಿಂದ ಆದವು. ಇದು ಹಳೆಯದಾದಾಗ ಕೊಳೆಯುತ್ತದೆ, ಹುಳಿ ವಾಸನೆಯ ಆವಿ ಬಿಡುತ್ತದೆ. ಆ ಆವಿ ಹತ್ತಿರದ ಲೋಹವನ್ನು ತಿನ್ನುತ್ತದೆ. ಪಿಕ್‌ಗಾರ್ಡ್ ಪಕ್ಕದ ತಂತಿ, ಟೇಲ್‌ಪೀಸ್ ಮಾತ್ರ ಹಸಿರಾಗಿದ್ದರೆ ಕಾರಣ ಇದೇ. ಹಾಗಿದ್ದರೆ ಪಿಕ್‌ಗಾರ್ಡ್ ತೆಗೆದು ಬೇರೆ ಕಡೆ ಇಡಬೇಕು. ಗಿಟಾರ್ ಪೆಟ್ಟಿಗೆಯಲ್ಲಿ ಇಡಬಾರದು.

ಹೊರದೇಶದಿಂದ ತರಿಸುವವರು ಒಂದು ವಿಷಯ ನೆನಪಿಡಿ. ಕೆಲವು ಹಳೆಯ ಗಿಟಾರ್‌ಗಳ ಬೆರಳು ಹಲಗೆ, ಕುದುರೆ ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಆ ಮರ, ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ನಮ್ಮ ಕಾಡಿನ ಬೀಟೆ ಇದರ ಬಳಗದ್ದೇ. ಬೀಟೆ ಇರುವ ತಯಾರಾದ ವಾದ್ಯಗಳಿಗೆ ಆ ಒಪ್ಪಂದದಲ್ಲಿ 2019ರ ನವೆಂಬರ್‌ನಿಂದ ವಿನಾಯಿತಿ ಇದೆ.

ಮನೆಗೆ ತಂದ ಮೊದಲ ವಾರ

ಬೆಂಗಳೂರಿನಿಂದ ತಂದಿದ್ದರೆ ಪೆಟ್ಟಿಗೆಯನ್ನು ಒಂದು ಇಡೀ ದಿನ ತೆರೆಯಬೇಡಿ. ಒಳಗಿನ ಮರ ಇಲ್ಲಿನ ಗಾಳಿಗೆ ಮೆಲ್ಲಗೆ ಹೊಂದಿಕೊಳ್ಳಲಿ.

ಆಮೇಲೆ ತಂತಿ ಬದಲಾಯಿಸುವ ಆಸೆ ಆಗುತ್ತದೆ, ಅಲ್ವಾ? ಇಲ್ಲಿ ಒಂದೇ ನಿಯಮ. ಎಲ್ಲ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಬಿಚ್ಚಿದರೆ ಕುದುರೆ ಬಿದ್ದುಹೋಗುತ್ತದೆ, ಅದರ ಜಾಗ ತಪ್ಪುತ್ತದೆ. ಒಂದು ತೆಗೆದು ಒಂದು ಹಾಕಿ. ಅದಕ್ಕೂ ಮುಂಚೆ ಕುದುರೆಯ ಎರಡು ಪಾದಗಳ ಅಂಚಿಗೆ ಬಣ್ಣಕ್ಕೆ ಗಟ್ಟಿಯಾಗಿ ಅಂಟದ ಕಾಗದದ ಟೇಪ್ ಹಚ್ಚಿ ಗುರುತು ಮಾಡಿ. ಒಂದು ಫೋಟೋ ತೆಗೆದಿಡಿ. ಕೆಲಸ ಮುಗಿದ ಕೂಡಲೇ ಟೇಪ್ ತೆಗೆಯಿರಿ, ತೇವದಲ್ಲಿ ಅದು ಬಣ್ಣವನ್ನೇ ಎಳೆದುಕೊಂಡು ಬರುತ್ತದೆ.

ತಂತಿಯ ದಪ್ಪದ ವಿಷಯದಲ್ಲಿ ಹಟ ಬೇಡ. ದೊಡ್ಡ ಸದ್ದಿಗೆ ದಪ್ಪ ತಂತಿ ಬೇಕು ಅನ್ನುವುದು ನಿಜ. ಆದರೆ 12ರಿಂದ 53ರ ಅಳತೆಯ (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ) ಒಂದು ಸೆಟ್ ಶ್ರುತಿಗೆ ಏರಿದಾಗ ನೆಕ್ ಮೇಲಿನ ಒಟ್ಟು ಎಳೆತ ಸುಮಾರು 70 ಕೆಜಿ ದಾಟುತ್ತದೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಟ್ರಸ್ ರಾಡ್ ಇಲ್ಲದ ಹಳೆಯ ಗಿಟಾರ್‌ಗೆ 11ರ ಸೆಟ್ ಸಾಕು. ಶುರುವಿಗೆ 10ರದ್ದಾದರೂ ಆದೀತು, 60 ಕೆಜಿಯ ಆಸುಪಾಸು ನಿಲ್ಲುತ್ತದೆ. ಕಂಚಿನ ತಂತಿ ಹೊಳಪಿನ ನಾದ ಕೊಡುತ್ತದೆ, ಆದರೆ ನಮ್ಮ ತೇವಕ್ಕೆ ಬೇಗ ಕಪ್ಪಾಗುತ್ತದೆ. ನಾನು ಮಳೆಗಾಲದಲ್ಲಿ ಶುದ್ಧ ನಿಕ್ಕಲ್ ತಂತಿ ಹಾಕುತ್ತೇನೆ. ಗಿಟಾರ್‌ಗೆ ಮ್ಯಾಗ್ನೆಟಿಕ್ ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತ) ಕೂರಿಸಿದ್ದರಂತೂ ನಿಕ್ಕಲ್ಲೇ ಬೇಕು, ಕಂಚಿಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ.

ಈಗ ಕುದುರೆಯ ಜಾಗ. 1ನೇ ತಂತಿ ಅಂದರೆ ಎಲ್ಲಕ್ಕಿಂತ ತೆಳ್ಳಗಿನದು, 6ನೆಯದು ಎಲ್ಲಕ್ಕಿಂತ ದಪ್ಪ. 1ನೇ ತಂತಿಯನ್ನು 12ನೇ ಫ್ರೆಟ್ ಮೇಲೆ ಬರೀ ಮುಟ್ಟಿ ಮೀಟಿ. ಗಂಟೆಯಂಥ ತಿಳಿ ಸ್ವರ ಬರುತ್ತದೆ. ಅದೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಶ್ರುತಿಯಲ್ಲಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ ಕೂದಲೆಳೆಯಷ್ಟು ಸರಿಸಿ. ಇಳಿದಿದ್ದರೆ ನೆಕ್ ಕಡೆಗೆ. 6ನೇ ತಂತಿಯಲ್ಲೂ ಹೀಗೇ ಮಾಡಿ. ಸರಿಸುವ ಮುಂಚೆ ತಂತಿ ಸ್ವಲ್ಪ ಸಡಿಲಿಸಿ, ಇಲ್ಲದಿದ್ದರೆ ಪಾದ ಬಣ್ಣವನ್ನು ಕೆರೆಯುತ್ತದೆ. ಮೊಬೈಲ್‌ನ ಟ್ಯೂನರ್ ಆ್ಯಪ್ ಸಾಕು. ಪ್ರತಿ ಸಲ ಶ್ರುತಿ ಮಾಡಿದ ಮೇಲೆ ಕುದುರೆಯನ್ನು ಪಕ್ಕದಿಂದ ನೋಡಿ. ತಂತಿ ಬಿಗಿಯಾದಂತೆ ಅದು ನೆಕ್ ಕಡೆಗೆ ವಾಲುತ್ತದೆ. ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ.

ತಂತಿಯ ಎತ್ತರ 12ನೇ ಫ್ರೆಟ್‌ನಲ್ಲಿ 1ನೇ ತಂತಿಗೆ 2 ಮಿ.ಮೀ., 6ನೇ ತಂತಿಗೆ 2.5ರಿಂದ 2.8 ಮಿ.ಮೀ. ಇರಲಿ. ಜಾಸ್ತಿ ತಗ್ಗಿಸಿದರೆ ಆರ್ಚ್‌ಟಾಪ್‌ನ ಗಂಟಲು ಕಟ್ಟುತ್ತದೆ. ನೆಕ್‌ನ ಬಾಗು ನೋಡಲು 6ನೇ ತಂತಿಯನ್ನು 1ನೇ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಇದ್ದರೆ ಸರಿ. ಟ್ರಸ್ ರಾಡ್ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತು, ಆಮೇಲೆ ಒಂದು ದಿನ ಕಾಯಿರಿ. ಬಿಗಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.

ಕುದುರೆಯ ಪಾದ ಕಮಾನಿನ ಮೇಲೆ ಪೂರ್ತಿ ಕೂತಿದೆಯೇ ಎಂಬುದು ನಾದದ ಅರ್ಧ ವಿಷಯ. ಪಾದದ ಕೆಳಗೆ ತೆಳು ಕಾಗದ ತೂರಿಸಿ ನೋಡಿ. ತೂರಿದರೆ ಅಲ್ಲಿ ಸಂದು ಇದೆ. ನನ್ನದರಲ್ಲಿ ಎರಡೂ ಪಾದಗಳ ಹೊರ ಅಂಚು ಮಾತ್ರ ತಾಗುತ್ತಿತ್ತು. ಸಾಗರದ ಒಬ್ಬ ಗುಡಿಗಾರರ ಹತ್ತಿರ ಒಯ್ದೆ. ಗಂಧದ ಮರದಲ್ಲಿ ಕೂದಲೆಳೆ ಕೆತ್ತುವ ಕೈ ಅದು. ಅವರು ಗಿಟಾರ್ ಯಾವತ್ತೂ ಮುಟ್ಟಿರಲಿಲ್ಲ. ಹಲಗೆಯ ಮೇಲೆ ಮೊದಲು ತೆಳು ಕಾಗದ ಹಾಸಿದರು. ಅದರ ಮೇಲೆ ಮರಳು ಕಾಗದವನ್ನು ಮುಖ ಮೇಲೆ ಮಾಡಿ ಇಟ್ಟರು. ಕುದುರೆಯನ್ನು ಅದರ ಮೇಲೆ ಒಂದೇ ಸಮ ಹಿಂದೆ ಮುಂದೆ ಉಜ್ಜಿದರು. ಹಲಗೆಯ ಕಮಾನೇ ಪಾದಕ್ಕೆ ಅಚ್ಚಾಯಿತು. ಕೊನೆಗೆ ಉಳಿಯಲ್ಲಿ ಎರಡು ಕಡೆ ಸವರಿದರು. ಮನೆಗೆ ತಂದು ತಂತಿ ಏರಿಸಿದಾಗ ಮನೆಯವರು ಒಳಗಿನಿಂದ ಬಂದು ಹೊಸ ಗಿಟಾರ್ ತಂದಿರಾ ಎಂದು ಕೇಳಿದರು.

ಮಳೆಗಾಲ

ನನ್ನ ಮೊದಲ ಮಳೆಗಾಲದ ತಪ್ಪು ಹೇಳಿಬಿಡುತ್ತೇನೆ. ಅಡಿಗೆ ಮನೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಬಿತ್ತನೆ ಬೀಜ, ಸೌತೆಕಾಯಿ ಎಲ್ಲ ಅಲ್ಲೇ ಕೆಡದೆ ಉಳಿಯುತ್ತವೆ ಎಂದು ಗಿಟಾರ್ ಪೆಟ್ಟಿಗೆಯನ್ನೂ ಅಲ್ಲಿಟ್ಟೆ. ಆಶ್ಲೇಷಾ ಮಳೆಯಲ್ಲಿ ತೆರೆದು ನೋಡಿದರೆ ಹಿಂಬದಿಯ ಅಂಚು ಒಂದು ಗೇಣು ಬಾಯಿ ಬಿಟ್ಟಿತ್ತು. ಪೆಟ್ಟಿಗೆಯ ಮಖಮಲ್ಲಿಗೆ ಬಿಳಿ ಬೂಷ್ಟು. ಹಗಲು ಒಲೆಯ ಬಿಸಿ, ರಾತ್ರಿ ತಣ್ಣನೆಯ ತೇವ, ಮತ್ತೆ ಬಿಸಿ. ಹಳೆಯ ವಾದ್ಯಗಳ ಅಂಟು ಪ್ರಾಣಿಯ ಚರ್ಮ ಬೇಯಿಸಿ ಮಾಡಿದ್ದು, ನಮ್ಮ ಹಳೆಯ ಬಡಗಿಗಳು ಸರೇಸು ಅನ್ನುವಂಥದ್ದು. ಬಿಸಿ ಮತ್ತು ತೇವ ಒಟ್ಟಿಗೆ ಬಂದರೆ ಅದು ಸಡಿಲುತ್ತದೆ. ಅಂಚು ಬಿಟ್ಟದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅಂಟು ಬಿಡದಿದ್ದರೆ ಹಲಗೆಯೇ ಸೀಳುತ್ತಿತ್ತು.

ಹಾಗಾಗಿ ಮೊದಲ ಕೆಲಸ ಅಳೆಯುವುದು. ಒಂದು ಡಿಜಿಟಲ್ ತೇವಮಾಪಕ ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸರಿ ಹೇಳುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಬಾಟಲಿಯ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಕರಗಿ ನೀರಾಗಬಾರದು. ಅದನ್ನೂ ಮಾಪಕವನ್ನೂ ಒಂದು ಗಟ್ಟಿ ಜಿಪ್ ಕವರ್‌ನಲ್ಲಿ ಹಾಕಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇಕಡಾ 75 ತೋರಿಸಬೇಕು. 80 ತೋರಿಸಿದರೆ ಮಾಪಕ 5 ಜಾಸ್ತಿ ಹೇಳುತ್ತಿದೆ ಎಂದು ಅದರ ಬೆನ್ನ ಮೇಲೆ ಬರೆದಿಡಿ.

ಗಿಟಾರ್‌ಗೆ ಹಿತವಾದದ್ದು 45ರಿಂದ 55. ಪುಷ್ಯ ಮಳೆಯ ದಿನಗಳಲ್ಲಿ ನಮ್ಮ ಜಗುಲಿಯಲ್ಲಿ 90 ದಾಟುತ್ತದೆ. 50 ಸಾಧಿಸಲು ಹೋಗಿ ಸೋಲುವುದಕ್ಕಿಂತ, ವರ್ಷವಿಡೀ 65ರ ಒಳಗೆ ಇಡುತ್ತೇನೆ ಎಂದುಕೊಳ್ಳಿ. ಅದು ಆಗುವ ಕೆಲಸ. ಮಟ್ಟ ಸ್ವಲ್ಪ ಮೇಲಿದ್ದರೂ ಮರ ತಾಳಿಕೊಳ್ಳುತ್ತದೆ. ದಿನಕ್ಕೆರಡು ಸಲ ಏರಿ ಇಳಿದರೆ ತಾಳುವುದಿಲ್ಲ.

ಜಾಗ ಆರಿಸಿ. ಹೊರಗೋಡೆಗೆ ಒರಗಿಸಬೇಡಿ, ನೇತು ಹಾಕಬೇಡಿ. ಮಣ್ಣಿನ ಗೋಡೆ, ಕಲ್ಲಿನ ಗೋಡೆ ಎರಡೂ ಮಳೆಗಾಲದಲ್ಲಿ ನೀರು ಕುಡಿದಿರುತ್ತವೆ. ಬಚ್ಚಲ ಒಲೆಯ ಹತ್ತಿರದ ಕೋಣೆ ಬೇಡ. ನಡುಮನೆಯ ಒಳಗಿನ ಮರದ ಬೀರು ಎಲ್ಲಕ್ಕಿಂತ ಒಳ್ಳೆಯದು. ನೆಲಕ್ಕೆ ತಾಗದಂತೆ ಒಂದಡಿ ಮೇಲಿರಲಿ.

ಬೀರುವಿನೊಳಗೆ ಬಲ್ಬ್ ಹಚ್ಚಿಡುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಬಟ್ಟೆಗೆ ಬೂಷ್ಟು ಬರದಿರಲಿ ಎಂದು ಮಾಡುತ್ತೇವೆ. ಗಿಟಾರ್‌ಗೂ ಅದು ಸರಿ. 22 ಡಿಗ್ರಿಯಲ್ಲಿ 90 ಇದ್ದ ತೇವಾಂಶ, ಅದೇ ಗಾಳಿ 28 ಡಿಗ್ರಿಗೆ ಬಿಸಿಯಾದಾಗ 63ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಬಿಸಿ ಗಾಳಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚಾಗಿರುತ್ತದೆ ಅಷ್ಟೇ. ಎಲ್‌ಇಡಿ ಬಲ್ಬ್ ಬಿಸಿಯಾಗುವುದಿಲ್ಲ, ಹಳೆಯ ಕಾಲದ 40 ವಾಟ್‌ನ ಬಲ್ಬೇ ಬೇಕು. ಬೀರುವಿನ ತಳದಲ್ಲಿ, ತಂತಿ ಬಲೆಯ ಒಳಗೆ, ಬಟ್ಟೆ ಕಾಗದಗಳಿಂದ ದೂರ ಇಡಿ. ಗಿಟಾರ್‌ನಿಂದ ಎರಡಡಿಯಾದರೂ ದೂರವಿರಲಿ. ಒಮ್ಮೆ ಹಚ್ಚಿದರೆ ಹಚ್ಚಿಯೇ ಇರಬೇಕು.

ಆದರೆ ಗಾಳಿ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ. ಆಗ ಬಲ್ಬೂ ಇಲ್ಲ, ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರವೂ ಇಲ್ಲ. ಕೈಹಿಡಿಯುವುದು ತೇವ ಹೀರುವ ಹರಳು, ಸಿಲಿಕಾ ಜೆಲ್. ಅರ್ಧ ಕೆಜಿ ಕೊಂಡು ನಾಲ್ಕು ಹತ್ತಿ ಬಟ್ಟೆಯ ಚೀಲಗಳಲ್ಲಿ ಹೊಲಿಯಿರಿ. ಕಿತ್ತಳೆ ಬಣ್ಣದ್ದೇ ಕೇಳಿ ತನ್ನಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಚೀಲಗಳನ್ನು ಪೆಟ್ಟಿಗೆಯಲ್ಲಿ ನೆಕ್‌ನ ತಲೆಯ ಹತ್ತಿರ, ಸೊಂಟದ ಎರಡು ಕಡೆ ಇಡಿ. ಮರಕ್ಕೆ ನೇರ ತಾಗದಿರಲಿ. ಇಡೀ ಪೆಟ್ಟಿಗೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ. ಹಳೆಯ ಪೆಟ್ಟಿಗೆಗಳು ಎಷ್ಟು ಮುಚ್ಚಿದರೂ ಗಾಳಿ ಎಳೆಯುತ್ತವೆ. ಮಾಪಕ ಪೆಟ್ಟಿಗೆಯೊಳಗೇ ಇರಲಿ. 45ಕ್ಕಿಂತ ಕೆಳಗಿಳಿದರೆ ಒಂದು ಚೀಲ ಹೊರಗೆ ತೆಗೆಯಿರಿ. ಬಣ್ಣ ಬದಲಾದ ಜೆಲ್ಲನ್ನು ಚೀಲದಿಂದ ಹೊರಗೆ ಸುರಿದು, ಅಡಿಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ. ಕಿತ್ತಳೆ ಬಣ್ಣ ಮರಳುತ್ತದೆ. 120 ಡಿಗ್ರಿ ದಾಟಬಾರದು, ಸೀದರೆ ಕೆಲಸಕ್ಕೆ ಬಾರದು.

ಪೆಟ್ಟಿಗೆಯಲ್ಲಿ ಇಟ್ಟು ಮರೆಯುವಂತಿಲ್ಲ. ಎರಡು ದಿನಕ್ಕೊಮ್ಮೆಯಾದರೂ ತೆಗೆದು ಅರ್ಧ ಗಂಟೆ ನುಡಿಸಿ. ನುಡಿಸಿದರೆ ಮರ ಒಣಗುತ್ತದೆ ಎಂದಲ್ಲ. ಬೂಷ್ಟು, ಅಂಚಿನ ಬಿರುಕು, ಹೊಸ ಗಿರಗಿರ ಎಲ್ಲ ನಿಮ್ಮ ಕಣ್ಣಿಗೆ ಕಿವಿಗೆ ಬೇಗ ಬೀಳುತ್ತವೆ. ನುಡಿಸಿದ ಮೇಲೆ ಹಳೆಯ ಮೆತ್ತನೆ ಪಂಚೆಯ ತುಂಡಿನಲ್ಲಿ ತಂತಿ, ಕುತ್ತಿಗೆಯ ಹಿಂಬದಿ, ಕೈ ತಾಗಿದ ಕಡೆಯೆಲ್ಲ ಒರೆಸಿ. ಬೇರೆ ಪಾಲಿಷ್ ಬೇಡ. ಬೆರಳು ಹಲಗೆಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಕೆಲವರಿಗಿದೆ, ಮಾಡಬೇಡಿ. ಅದು ಮುಗ್ಗುತ್ತದೆ, ಧೂಳು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಎರಡು ಹನಿ ಮಿನರಲ್ ಆಯಿಲ್ ಸಾಕು. ಪೆಟ್ಟಿಗೆಯಲ್ಲಿ ನುಸಿಗುಳಿಗೆಯನ್ನೂ ಹಾಕಬೇಡಿ, ಅದರ ಆವಿ ಹಳೆಯ ಪ್ಲಾಸ್ಟಿಕ್ ಭಾಗಗಳಿಗೆ ಒಳ್ಳೆಯದಲ್ಲ.

ಜುಲೈನಲ್ಲಿ ತಂತಿ ಎತ್ತರವಾಯಿತು ಅನ್ನಿಸಿದರೆ ಗಾಬರಿ ಬೇಡ. ಹಲಗೆ ತೇವ ಕುಡಿದು ಉಬ್ಬಿದೆ, ಕುದುರೆಯೂ ಅದರ ಜೊತೆ ಮೇಲೆದ್ದಿದೆ. ಚಪ್ಪಟೆ ಗಿಟಾರ್ ಆದರೆ ಇಷ್ಟು ಸುಲಭದಲ್ಲಿ ಸರಿಪಡಿಸುವಂತಿಲ್ಲ. ಇಲ್ಲಿ ಚಕ್ರ ಇದೆಯಲ್ಲ. ತಂತಿ ಸಡಿಲಿಸಿ ಅರ್ಧ ಸುತ್ತು ಇಳಿಸಿ.

ಬೇಸಿಗೆ

ಇದು ಸುಲಭ. ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಕಡೆ ಗಾಳಿ ಚೆನ್ನಾಗಿ ಒಣಗುತ್ತದೆ. ಹಲಗೆ ಸ್ವಲ್ಪ ಕೆಳಗಿಳಿದು ತಂತಿ ಫ್ರೆಟ್‌ಗೆ ತಾಗಿ ಝರ್ ಅನ್ನಬಹುದು. ಚಕ್ರ ಅರ್ಧ ಸುತ್ತು ಏರಿಸಿ. ಫ್ರೆಟ್‌ನ ತುದಿಗಳು ಬೆರಳಿಗೆ ಚುಚ್ಚಿದರೆ ಬೆರಳು ಹಲಗೆ ಕುಗ್ಗಿದೆ ಎಂದು ಅರ್ಥ, ಸಿಲಿಕಾ ಚೀಲಗಳನ್ನೆಲ್ಲ ಹೊರಗೆ ತೆಗೆಯಿರಿ. ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಕುಟ್ಟೆ ಹುಳುವಿನ ಪರೀಕ್ಷೆಗೂ ಇದೇ ಸಮಯ. ಗಿಟಾರ್ ಕೆಳಗೆ ಒಂದು ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳು ಇದೆ. ಸ್ವಂತ ಮದ್ದು ಹೊಡೆಯದೆ ಗಿಟಾರ್ ರಿಪೇರಿ ಬಲ್ಲವರಿಗೆ ತೋರಿಸಿ, ಅಲ್ಲಿಯವರೆಗೆ ಬೇರೆ ವಾದ್ಯಗಳಿಂದ ದೂರ ಇಡಿ.

ರಿಪೇರಿ

ಅಂಚು ಬಿಟ್ಟ ನನ್ನ ಗಿಟಾರ್‌ನ್ನು ದೂರದ ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿ ಮರಗೆಲಸದ ಬಿಳಿ ಅಂಟು ಹಾಕಿ ಅಂಚು ಮುಚ್ಚಿದರು. ಕುದುರೆಯನ್ನೂ ಅದೇ ಅಂಟಿನಿಂದ ಹಲಗೆಗೆ ಹಚ್ಚಿಬಿಟ್ಟರು, ಅಲುಗಾಡುತ್ತಿತ್ತಂತೆ. ನಾದ ಸತ್ತುಹೋಯಿತು. ಅದನ್ನು ಬಿಡಿಸುವಾಗ ಎರಡು ರೂಪಾಯಿ ನಾಣ್ಯದಷ್ಟು ಬಣ್ಣ ಎದ್ದುಬಂತು. ಆ ಗುರುತು ಈಗಲೂ ಇದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ರಿಪೇರಿಗೆ ಕೊಡುವಾಗ ಎರಡು ಮಾತು ಬಾಯಿಬಿಟ್ಟು ಹೇಳಿ. ಕುದುರೆಗೆ ಅಂಟು ಹಾಕಬೇಡಿ. ಅಂಚಿಗೆ, ನೆಕ್ ಕೂಡಿಸುವಲ್ಲಿಗೆ ಸರೇಸೇ ಹಾಕಿ. ಸರೇಸು ಹಾಕಿದ್ದನ್ನು ಬಿಸಿ, ತೇವ ಕೊಟ್ಟು ಮುಂದೆ ಮತ್ತೆ ಬಿಡಿಸಬಹುದು. ಹಳೆಯ ಸರೇಸಿನ ಮೇಲೆ ಹೊಸದು ಹಿಡಿಯುತ್ತದೆ ಕೂಡ. ಬಿಳಿ ಅಂಟು ಒಮ್ಮೆ ಮರದ ಎಳೆಗೆ ಇಳಿದರೆ ಮುಂದೆ ಯಾವ ಅಂಟೂ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಇನ್ನೊಂದು, ಹಳೆಯ ಬಣ್ಣ ಕೆರೆದು ಹೊಸ ಪಾಲಿಷ್ ಹೊಡೆಸಬೇಡಿ. ಹೊಳಪು ಬರುತ್ತದೆ, ಬೆಲೆ ಅರ್ಧ ಹೋಗುತ್ತದೆ. ಬಿರಡೆಗಳು ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟು ನೋಡಿ, ಬದಲಾಯಿಸುವ ಮಾತು ಆಮೇಲೆ.

ನುಡಿಸುವುದು

ಆರ್ಚ್‌ಟಾಪ್ ಕೈಗೆ ಬಂದ ಮೊದಲ ದಿನ ಹೆಚ್ಚಿನವರಿಗೆ ನಿರಾಸೆ ಆಗುತ್ತದೆ. ಚಪ್ಪಟೆ ಗಿಟಾರ್‌ನ ಹಾಗೆ ಇದು ಗುಂಯ್ ಎಂದು ಎಳೆಯುವುದಿಲ್ಲ. ಥಟ್ಟನೆ ಏಳುತ್ತದೆ, ಬೇಗ ಅಡಗುತ್ತದೆ. ಇದನ್ನು ದೋಷ ಎಂದುಕೊಳ್ಳಬೇಡಿ, ಈ ವಾದ್ಯದ ಗುಣವೇ ಇದು.

ಅಮೆರಿಕದ ಕೌಂಟ್ ಬೇಸಿ ಜಾಝ್ ವಾದ್ಯವೃಂದಕ್ಕೆ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ 1937ರಲ್ಲಿ ಸೇರಿ, 1987ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು. ಐವತ್ತು ವರ್ಷ. ಹೆಚ್ಚುಕಡಿಮೆ ಇಡೀ ಹೊತ್ತು ಒಂದೇ ಕೆಲಸ, ನಾಲ್ಕು ಮಾತ್ರೆಗೆ ನಾಲ್ಕು ಹೊಡೆತ. ಆ ಹೊಡೆತದ ಮೇಲೆ ಇಡೀ ವೃಂದ ನಿಂತಿತ್ತು. ಅವರ ರೆಕಾರ್ಡಿಂಗ್ ಕೇಳಿ. ಗಿಟಾರ್ ಬೇರೆಯಾಗಿ ಕೇಳಿಸುವುದೇ ಕಷ್ಟ, ಆದರೆ ಅದಿಲ್ಲದಿದ್ದರೆ ಲಯ ಕುಸಿಯುತ್ತದೆ. ಅವರು ಗಿಟಾರ್ ಹಿಡಿಯುತ್ತಿದ್ದ ರೀತಿಯನ್ನೂ ಗಮನಿಸಿ. ಹಲಗೆ ಮೇಲ್ಮುಖವಾಗಿ ವಾಲಿರುತ್ತಿತ್ತು. ಹಿಂಬದಿ ಹೊಟ್ಟೆಗೆ ಅಂಟದಿದ್ದರೆ ಅದೂ ಮಿಡಿಯುತ್ತದೆ.

ಕಲಿಯಲು ಹೀಗೆ ಶುರು ಮಾಡಿ. ಹಲವು ಸ್ವರ ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಅನ್ನುತ್ತಾರೆ. ಆರೂ ತಂತಿ ಒತ್ತುವ ಬ್ಯಾರೆ ಕಾರ್ಡ್‌ಗಳನ್ನು ಮರೆತುಬಿಡಿ. ಮೂರೇ ತಂತಿ ಸಾಕು, 6, 4 ಮತ್ತು 3. ನಡುವಿನ 5ನೆಯದನ್ನು ಬೆರಳ ತುದಿಯಿಂದ ಮುಟ್ಟಿ ಮೌನವಾಗಿಸಿ, 2 ಮತ್ತು 1ನ್ನು ಅಂಗೈಯ ಅಂಚಿನಿಂದ. ಮೊದಲು ಎ ಮೈನರ್ 7. ಮೂರೂ ತಂತಿ 5ನೇ ಫ್ರೆಟ್‌ನಲ್ಲಿ. ಈಗ 4ನೇ ತಂತಿಯ ಬೆರಳೊಂದನ್ನು ಮಾತ್ರ 4ನೇ ಫ್ರೆಟ್‌ಗೆ ಇಳಿಸಿ. ಅದು ಡಿ 7 ಆಯಿತು. ಆಮೇಲೆ 6ನೇ ತಂತಿ 3ನೇ ಫ್ರೆಟ್, 4ನೇ ತಂತಿ 2ನೇ ಫ್ರೆಟ್, 3ನೇ ತಂತಿ 4ನೇ ಫ್ರೆಟ್. ಇದು ಜಿ 6. ಈ ಮೂರನ್ನು ಒಂದರ ಹಿಂದೆ ಒಂದು, ಒಂದೊಂದಕ್ಕೆ ನಾಲ್ಕು ಹೊಡೆತದಂತೆ ನುಡಿಸಿ. ಒಂದು ಮಿ.ಮೀ.ಗಿಂತ ದಪ್ಪದ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬಳಸಿ. ಬೆರಳು ಹಲಗೆ ಮುಗಿಯುವ ಜಾಗಕ್ಕೂ ಕುದುರೆಗೂ ನಡುವೆ ಹೊಡೆಯಿರಿ. ಹೊಡೆದ ಕೂಡಲೇ ಎಡಗೈಯ ಒತ್ತಡ ಬಿಡಿ, ಬೆರಳು ತಂತಿಯ ಮೇಲೇ ಇರಲಿ. ಎರಡನೇ ಮತ್ತು ನಾಲ್ಕನೇ ಹೊಡೆತ ಕೂದಲಷ್ಟು ಗಟ್ಟಿ. ಮೊದಲ ತಿಂಗಳು ಇಷ್ಟೇ ಮಾಡಿ, ನಿಧಾನವಾಗಿ, ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು.

ನನಗೆ ಇದು ತುಂಬಾ ಹಿಡಿಸಿದ್ದು ಭಾವಗೀತೆಯ ಜೊತೆ. ಶಿವಮೊಗ್ಗ ಸುಬ್ಬಣ್ಣ ಅವರ ನಾಡು ಇದು, ಊರಿಗೊಬ್ಬರಾದರೂ ಹಾಡುವವರಿದ್ದಾರೆ. ಸುಗಮ ಸಂಗೀತದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ಹಾರ್ಮೋನಿಯಂ ಈಗಾಗಲೇ ಸ್ವರ ಎಳೆದು ಹಿಡಿದಿರುತ್ತದೆ. ಚಪ್ಪಟೆ ಗಿಟಾರ್ ಅದರ ಮೇಲೆ ಇನ್ನಷ್ಟು ಗುಂಯ್‌ಗುಡುತ್ತದೆ. ಆರ್ಚ್‌ಟಾಪ್ ಚುಟುಕಾಗಿ ನುಡಿದು ಸರಿದುಕೊಳ್ಳುತ್ತದೆ, ಸಾಲಿಗೆ ಜಾಗ ಬಿಡುತ್ತದೆ. ಇನ್ನೊಂದು ಅನುಕೂಲ ಶ್ರುತಿಯದ್ದು. ಹಾಡುವವರು ಇವತ್ತು ಕಪ್ಪು ಒಂದು, ನಾಳೆ ಗಂಟಲು ಕಟ್ಟಿದರೆ ಬಿಳಿ ಒಂದು ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿ ಹೇಳುತ್ತಾರೆ. ಮೇಲಿನ ಕಾರ್ಡ್‌ಗಳಲ್ಲಿ ಬಿಟ್ಟ ತಂತಿಯೇ ಇಲ್ಲವಲ್ಲ. ಹಾಗಾಗಿ ಕೈಯನ್ನು ಒಂದು ಫ್ರೆಟ್ ಜಾರಿಸಿದರೆ ಆಯಿತು, ಶ್ರುತಿ ಏರಿಸಲು ನೆಕ್‌ಗೆ ಕಚ್ಚಿಸುವ ಕ್ಯಾಪೊ ಬೇಡ. ಜಿ 6ರ ಅದೇ ಆಕಾರವನ್ನು 6ನೇ ತಂತಿಯ 8ನೇ ಫ್ರೆಟ್‌ನಿಂದ ಹಿಡಿದರೆ ಬಿಳಿ ಒಂದು, 9ರಿಂದ ಹಿಡಿದರೆ ಕಪ್ಪು ಒಂದು. ಮನೆಯ ಬೈಠಕ್ ಆದರೆ ಮೈಕು ಹಚ್ಚಬೇಡಿ. ಮೂವತ್ತು ಜನರ ಜಗುಲಿಗೆ ಇದರ ದನಿ ಸಾಕು.

ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್

ಪೆಟ್ಟಿಗೆಯ ಪಿಕ್ ಇಡುವ ಗೂಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ತಂತಿ ಹಾಕಿದ ದಿನ ಮತ್ತು ಅಳತೆ, 12ನೇ ಫ್ರೆಟ್‌ನ ಎತ್ತರ, ತೇವಾಂಶ, ಮಾಡಿಸಿದ ರಿಪೇರಿ, ಬಳಸಿದ ಅಂಟು ಇಷ್ಟು ಬರೆಯಿರಿ. ತಿಂಗಳು ತಾರೀಖಿನ ಜೊತೆ ಮಳೆಯ ಹೆಸರನ್ನೂ ನಾನು ಬರೆಯುತ್ತೇನೆ. ಎರಡು ವರ್ಷ ಬರೆದರೆ ನಿಮ್ಮ ಗಿಟಾರ್ ಯಾವ ಮಳೆಗೆ ಉಬ್ಬುತ್ತದೆ, ಯಾವಾಗ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ನನ್ನದು ಪುನರ್ವಸುವಿಗೆ ಏಳಲು ಶುರು ಮಾಡುತ್ತದೆ, ಸ್ವಾತಿ ಮುಗಿಯುವ ಹೊತ್ತಿಗೆ ಮೊದಲಿನ ಎತ್ತರಕ್ಕೆ ಬರುತ್ತದೆ. ಹಾಗಾಗಿ ಮೃಗಶಿರಾ ಮಳೆ ಇರುವಾಗಲೇ ಜೆಲ್ ಬಿಸಿ ಮಾಡಿ ಚೀಲ ಹೊಲಿದಿಡುತ್ತೇನೆ. ಮುಂದೆ ಈ ಗಿಟಾರ್ ಯಾರ ಕೈಗೆ ಹೋದರೂ ನೋಟ್‌ಬುಕ್ ಅದರ ಜೊತೆಗೇ ಹೋಗಲಿ.